ಮೊದಲನೇ ಮನೆಯಿಂದ

“ಅದು ಆಗೋ ಮಾತಲ್ಲ ಬುಡಮ್ಮ” ಎಂದು ಮೊದಲು ಹೇಳಿದವರು ಕಲ್ಯಾಣದುರ್ಗದ ನನ್ನ ಸೋದರಮಾವ. ಮಗ್ಗದ ಗುಣಿಯೊಳಗೆ ಕಾಲು ಇಳಿಬಿಟ್ಟು ಕೂರುವವರ ಮನೆಯ ಹುಡುಗಿ ವಿಮಾನ ಓಡಿಸುತ್ತೇನೆ ಅನ್ನುವುದು ಅವರಿಗೆ ಊಟದ ಪಂಕ್ತಿಯಲ್ಲಿ ಹೇಳಿ ಹತ್ತು ಜನರನ್ನು ನಗಿಸುವ ಸಂಗತಿಯಾಗಿತ್ತು. ಆಮೇಲೆ ಇನ್ನೂ ಹಲವರು ಅದನ್ನೇ ಹೇಳಿದರು. ಹಾಗೆ ಹೇಳದೇ ಇದ್ದವರು ಹಿಂದೂಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸೀರೆ ತಾತ ಒಬ್ಬರೇ. ಆಗುತ್ತದೆ ಎಂದೂ ಅವರು ಹೇಳಲಿಲ್ಲ. “ಅದ್ರಾಗೆ ಹೋಗೋರು ಗಂಟಿಗೆ ಏನೇನು ಕಟ್ಕೊಂಡು ಹೋಯ್ತಾರಮ್ಮ?” ಎಂದು ಮಾತ್ರ ಕೇಳಿದ್ದರು.

ಮೊನ್ನೆ ಹೋಟೆಲಿನ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ತಾತ ಬಂದು ಎದುರಿಗೆ ನಿಂತ ಹಾಗಾಯಿತು... ನಾನು ಸಹ-ಪೈಲಟ್ ಆಗಿ ಇನ್ನೂ ವರ್ಷ ತುಂಬಿಲ್ಲ. ಆ ದಿನ ನನ್ನದು ಸ್ಟ್ಯಾಂಡ್‌ಬೈ. ಹಾರಾಟವೂ ಅಲ್ಲ, ಬಿಡುವೂ ಅಲ್ಲ. ಯಾವಾಗ ಬೇಕಾದರೂ ಫೋನು ಬರಬಹುದು, ಬಂದರೆ ತಕ್ಷಣ ಹೊರಡಬೇಕು. ಹಾಗಾಗಿ ಆಚೆ ಹೋಗುವಂತಿಲ್ಲ, ಕಣ್ತುಂಬ ಮಲಗುವಂತಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಕೊಕ್ಕೆಯಲ್ಲಿ, ಬ್ಯಾಗು ಬಾಗಿಲ ಹತ್ತಿರ, ನಾನು ಮಂಚದ ಅಂಚಿನಲ್ಲಿ. ತೆರೆಯಲು ಬಾರದ ಗಾಜಿನ ಕಿಟಕಿ. ಜನ ನನ್ನ ಕೆಲಸವನ್ನು ಆಕಾಶದಷ್ಟು ಅಗಲ ಅಂದುಕೊಂಡಿದ್ದಾರೆ. ಅದರ ಬಹುಪಾಲು ಇಂಥ ಕೋಣೆಗಳಲ್ಲೇ ಕಳೆಯುತ್ತದೆ.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಂದೇಶ ಕಳಿಸಿದ್ದಳು. “ಅಕ್ಕಾ, ನಾಡಿದ್ದು ನನ್ನ ಮೊದಲ ಟ್ರಿಪ್ಪು. ಬ್ಯಾಗಿಗೆ ಏನೇನು ಹಾಕ್ಕೊಳ್ಳಲಿ?” ಉತ್ತರ ಬರೆಯಲು ಕೂತೆ. ಬರೆಯುತ್ತಾ ಹೋದಂತೆ, ಅಷ್ಟೂ ತಾತನ ಮಾತೇ ಎಂದು ತಿಳಿಯಿತು.

ತಾತ ನಮ್ಮ ಬೀದಿಯವರು ನೇಯ್ದ ರೇಷ್ಮೆ ಸೀರೆಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರುತ್ತಿದ್ದರು. ಒಂದು ಸುತ್ತಿಗೆ ಕಲ್ಯಾಣದುರ್ಗ, ಇನ್ನೊಂದು ಸುತ್ತಿಗೆ ಸೆಟ್ಟೂರಿನ ಕಡೆಯ ಹಳ್ಳಿಗಳು. ಓದು ಬರಹ ಬಾರದು. ಹೊರಡುವ ಹಿಂದಿನ ಸಂಜೆ ಜಗಲಿಯ ಮೇಲೆ ಬಿಳಿ ದುಪ್ಪಟಿ ಹಾಸಿ ಗಂಟು ಕಟ್ಟುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೆ. ಮದುವೆ ಸೀರೆ ತಳಕ್ಕೆ, ದಿನಬಳಕೆಯವು ಮೇಲಕ್ಕೆ, ಮೂಲೆಯಲ್ಲಿ ಬಟ್ಟೆಗೆ ಸುತ್ತಿದ ನುಸಿಗುಳಿಗೆ. ತಮ್ಮದು ಬೇರೆ ಚೀಲ. ಅದರಲ್ಲಿ ಒಂದು ಪಂಚೆ, ಲೋಟ, ಸೂಜಿ ದಾರ, ಹುರಿಗಡಲೆ. ಒಂದು ದಿನದ ದಾರಿಗೂ ಎರಡು ದಿನಕ್ಕಾಗುವಷ್ಟು. “ಇವತ್ತೇ ಬಂದ್ಬುಡ್ತೀನಿ ಅಂತ ಯಾವತ್ತೂ ಕಟ್ಬ್ಯಾಡ ಕಣಮ್ಮ. ಬಸ್ಸು ನಿನ್ನ ಮಾತು ಕೇಳ್ತದಾ?” ಅನ್ನುತ್ತಿದ್ದರು. ಕಟ್ಟುವಾಗ ಯಾರಾದರೂ ಮಾತಾಡಿಸಿದರೆ ಮುಗಿಯಿತು. ಎಲ್ಲವನ್ನೂ ತೆಗೆದು ಕೆಳಗಿಟ್ಟು, ಮೊದಲಿನಿಂದ ಕಟ್ಟುತ್ತಿದ್ದರು. ನಡುವಿನಿಂದ ಶುರುಮಾಡಿದ್ದನ್ನು ನಾನು ಕಾಣೆ.

ಹುಡುಗಿಗೆ ಬರೆದೆ. ಲೈಸೆನ್ಸು, ಮೆಡಿಕಲ್ ಕಾಗದ, ಪಾಸ್‌ಪೋರ್ಟು, ಗುರುತಿನ ಚೀಟಿ ಇವು ನಾಲ್ಕೂ ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗುವ ಜಾಗದಲ್ಲಿರಲಿ, ಆ ಜಾಗ ಯಾವತ್ತೂ ಬದಲಾಗದಿರಲಿ. ಒಂದೇ ದಿನದ ಟ್ರಿಪ್ಪು ಅಂದರೂ ಎರಡನೇ ಅಂಗಿ ಇಟ್ಟುಕೋ. ಕರಿ ಕಾಲುಚೀಲ ಒಂದು ಜೊತೆ ಹೆಚ್ಚಿಗೆ. ಹೆಡ್‌ಸೆಟ್ಟು, ಟಾರ್ಚು, ಎರಡು ಪೆನ್ನು. ಭುಜದ ಪಟ್ಟಿ ಮರೆಯಬೇಡ, ನಾನು ಮರೆತು ಮಾನ ಕಳೆದುಕೊಂಡಿದ್ದೇನೆ. ತಿನ್ನಲು ಏನಾದರೂ ಇರಲಿ, ಊಟ ಸಿಗುತ್ತದೆ ಅಂದ ದಿನವೇ ಸಿಗುವುದಿಲ್ಲ. ಬ್ಯಾಗು ತುಂಬುವಾಗ ಫೋನು ಬಂದರೆ ಎಲ್ಲ ತೆಗೆದು ಮೊದಲಿನಿಂದ ತುಂಬು... ಇದನ್ನು ಓದಿ ಅವಳು ನಕ್ಕಿರಬೇಕು. ಆದರೆ ಕಾಕ್‌ಪಿಟ್ಟಿನಲ್ಲೂ ಹಾಗೆಯೇ. ಚೆಕ್‌ಲಿಸ್ಟು ನಡುವೆ ನಿಂತುಹೋಗಿ, ಎಲ್ಲಿಗೆ ನಿಂತಿತ್ತೆಂದು ಅನುಮಾನ ಬಂದರೆ, ಮತ್ತೆ ಮೊದಲ ಸಾಲಿನಿಂದಲೇ ಓದಬೇಕು. ತರಬೇತಿಯಲ್ಲಿ ಅದನ್ನು ಹೇಳಿಕೊಟ್ಟಾಗ ನನಗೆ ಹೊಸದೆನಿಸಲಿಲ್ಲ. ಅದನ್ನು ನಾನು ಕಲ್ಯಾಣದುರ್ಗದ ಬಿಸಿಲಿನಲ್ಲಿ, ಅಳುತ್ತಾ ಕಲಿತಿದ್ದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಆ ವರ್ಷ ಸರ್ಕಾರದ ನೆರವಿನಲ್ಲಿ ಪೈಲಟ್ ತರಬೇತಿಗೆ ಆಯ್ಕೆಯಾಗಿದ್ದೆ. ಸೋಮವಾರ ಮೂಲ ದಾಖಲೆಗಳನ್ನು ತೋರಿಸಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ. ಅಪ್ಪ ಬಹಳ ಹಿಂದೆಯೇ ಹೇಳಿಬಿಟ್ಟಿದ್ದರು: “ಇದೊಂದು ಸಲ ನೋಡು ಕಣಮ್ಮ. ಆಗ್ಲಿಲ್ಲ ಅಂದ್ರೆ ಮಾವನ ಮನೇಗೆ ಹೂಂ ಅಂದ್ಬುಡು.” ಮಾವನ ಮಗನಿಗೆ ಕಲ್ಯಾಣದುರ್ಗದಲ್ಲಿ ಅಂಗಡಿಯಿತ್ತು. ಹುಡುಗ ಕೆಟ್ಟವನಲ್ಲ. ಆ ಅಂಗಡಿಯ ಹಿಂದಿನ ಮನೆ ನೆನೆದರೆ ಮಾತ್ರ ನನಗೆ ಉಸಿರು ಕಟ್ಟುತ್ತಿತ್ತು.

ಶನಿವಾರ ಹುಡುಕಿದರೆ ಇಂಟರ್, ಅಂದರೆ ಪಿಯುಸಿಯ, ಮಾರ್ಕ್ಸ್ ಪಟ್ಟಿ ಇಲ್ಲ. ತಪ್ಪು ನನ್ನದು. ವಾರದ ಹಿಂದೆ ಜೆರಾಕ್ಸ್ ಮಾಡಿಸಿ ತಂದವಳು ಅದನ್ನು ಸೀರೆ ಮಡಿಸುವ ಹಲಗೆಯ ಮೇಲೆ ಇಟ್ಟಿದ್ದೆ. ನೇಯುವವರ ಮನೆಯಲ್ಲಿ ಯಾರೂ ಮಾಡಬಾರದ ಕೆಲಸ ಅದು. ಸೀರೆಯ ಮಡಿಕೆ ಕುಸಿಯದಿರಲೆಂದು ಒಳಗೆ ಗಟ್ಟಿ ಕಾಗದವಿಟ್ಟು ಮಡಿಸುತ್ತಾರೆ. ಆ ಕಾಗದಗಳ ಅಟ್ಟಿ ಇರುವುದೇ ಆ ಹಲಗೆಯ ಮೇಲೆ. ಅಪ್ಪನ ಕಣ್ಣು ಜರಿಯ ಮೇಲಿದ್ದರೆ ಕೈ ತಾನಾಗಿ ಕಾಗದ ಎಳೆದುಕೊಳ್ಳುತ್ತದೆ. ಅವರಿಗೂ ಓದು ಬಾರದು. ನನ್ನ ಎರಡು ವರ್ಷದ ಓದು ಕುಂಕುಮ ಬಣ್ಣದ ಸೀರೆಯೊಂದರ ಹೊಟ್ಟೆ ಸೇರಿ, ತಾತನ ಗಂಟಿನಲ್ಲಿ ಕಲ್ಯಾಣದುರ್ಗಕ್ಕೆ ಹೋಗಿ ಮಾರಾಟವಾಗಿತ್ತು. ಇನ್ನೊಂದು ಪ್ರತಿ ತರಿಸಲು ವಾರಗಟ್ಟಲೆ ಬೇಕು.

ಆ ವಾರ ಅಪ್ಪ ಮಡಿಸಿದ್ದು ಆ ಬಣ್ಣದವೇ ಮೂರು ಸೀರೆ, ಮೂರೂ ಕಲ್ಯಾಣದುರ್ಗದಲ್ಲಿ ಹೋಗಿದ್ದವು. “ಯಾವ ಮನೆಗೆ ಕೊಟ್ರಿ ತಾತ?” ಎಂದರೆ ತಾತ ಕಣ್ಣು ಮುಚ್ಚಿ ಕೂತರು. “ಹಿಂಗೆ ಕೂತ್ರೆ ಗೊತ್ತಾಗಲ್ಲ ಕಣಮ್ಮ. ಮೊದಲ್ನೇ ಮನೆಯಿಂದ ನಡ್ಕೊಂಡು ಬಂದ್ರೆ ತಾನೇ ಗೊತ್ತಾಯ್ತದೆ.”

ಭಾನುವಾರ ಬೆಳಿಗ್ಗೆ ಸೋಮಂದೇಪಲ್ಲಿ ದಾಟಿ, ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಹೋದೆವು. ತಾತ ಗಂಟು ಹೊತ್ತುಕೊಂಡೇ ಬಂದರು. ಗಂಟಿಲ್ಲದೆ ಹೋದರೆ ಕಾಲಿಗೆ ದಾರಿ ತಿಳಿಯುವುದಿಲ್ಲವಂತೆ. ಮೊದಲನೇ ಮನೆ, ಎರಡನೇ ಮನೆ... ಪ್ರತಿ ಜಗಲಿಯಲ್ಲೂ ಕೂರಬೇಕು, ನೀರು ಕುಡಿಯಬೇಕು, ಅವರ ಸೊಸೆಯ ಬಾಣಂತನ ವಿಚಾರಿಸಬೇಕು. ನೇರವಾಗಿ ಕೇಳುವ ಹಾಗಿಲ್ಲ. ಮಾರಿದ ಸೀರೆಯನ್ನು ಬಿಚ್ಚಿ ತೋರಿಸಿ ಎಂದರೆ ನೇಯ್ಗೆಯಲ್ಲಿ ಏನೋ ದೋಷವಿದೆ ಎಂದೇ ಅರ್ಥ. ಆಮೇಲೆ ಆ ಬೀದಿಯಲ್ಲಿ ತಾತನಿಗೆ ವ್ಯಾಪಾರವಿಲ್ಲ. ಅಷ್ಟು ವರ್ಷದಲ್ಲಿ ಅವರು ಆ ಮಾತು ಆಡಿರಲಿಲ್ಲ. ಆ ದಿನ ನನಗೋಸ್ಕರ ಆಡಿದರು. ಎರಡು ಕುಂಕುಮದ ಸೀರೆ ಸಿಕ್ಕಿದವು. ಎರಡರಲ್ಲೂ ಹಳೇ ಕ್ಯಾಲೆಂಡರಿನ ಕಾಗದ.

ಮಧ್ಯಾಹ್ನ ಊಟಕ್ಕೆ ಮಾವನ ಮನೆಗೆ ಹೋಗಲೇಬೇಕಾಯಿತು. “ಏನಮ್ಮಾ ಪೈಲಟ್ಟು, ಬಸ್ಸಾಗೆ ಬಂದ್ಬುಟ್ಟೆ? ವಿಮಾನ ರಿಪೇರಿನಾ?” ಎಂದರು. ವಿಷಯ ತಿಳಿದ ಮೇಲೆ ನಗು ನಿಲ್ಲಿಸಿ, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತರು. “ದೇವ್ರೇ ದಾರಿ ತೋರ್ಸವ್ನೆ. ಇವತ್ತು ಇಲ್ಲೇ ಇದ್ಬುಡು. ಅಪ್ಪಂಗೆ ನಾನು ಫೋನ್ ಮಾಡ್ತೀನಿ.” ಅತ್ತೆ ನನ್ನ ತಲೆಗೆ ಹೂ ಮುಡಿಸಲು ಬಂದರು. ಪ್ರೀತಿಯಿಂದಲೇ. ಅದಕ್ಕೇ ಭಯವಾಯಿತು. ಕುರ್ಚಿ, ಹೂ, ಒಳಗಿನ ಕತ್ತಲೆ ಕೋಣೆ... ಕಾಲು ಗುಣಿಗಿಳಿದ ಹಾಗೆ ಕೂತಲ್ಲೇ ಕೂತಿದ್ದೆ.

ತಾತ ಕೈ ತೊಳೆದು ಬಂದು ಗಂಟು ಹೆಗಲಿಗೆ ಹಾಕಿಕೊಂಡರು. “ಊಟ ಪಸಂದಾಗಿತ್ತಪ್ಪ. ಕುರ್ಚಿ ಈಕಡೆ ಎಳ್ಕೋ. ನಂಗಿನ್ನ ಎರಡು ಬೀದಿ ಐತೆ.”

ಮಾವ ಕುರ್ಚಿ ಎಳೆದುಕೊಂಡರು, ನಾನು ತಾತನ ಬೆನ್ನಿಗೇ ಹೊರಬಿದ್ದೆ. ಎರಡನೇ ಬೀದಿಯ ನೀಲಿ ಬಾಗಿಲಿನ ಮುಂದೆ ತಾತ ನಿಂತರು. “ಇಲ್ಲೇ.” ಅದು ಮದುವೆ ಮನೆ. ಸೀರೆ ದೇವರ ಮುಂದೆ ಇಟ್ಟಿದ್ದರು. ತಾತ ಸುತ್ತಿ ಬಳಸದೆ ಹೇಳಿದರು: “ತಪ್ಪು ನಮ್ದು ತಾಯಿ. ಈ ಮಗು ಕಾಗ್ದ ಅದ್ರಾಗೈತೆ.” ಮನೆಯಾಕೆ ತೆಲುಗಿನಲ್ಲಿ ಒಂದೇ ಮಾತು ಹೇಳಿದಳು: “ಪೆಂಡ್ಲಿ ಚೀರ ವಿಪ್ಪಕೂಡದು ತಾತಾ.” ಮದುವೆ ಸೀರೆ, ಮುಹೂರ್ತಕ್ಕೆ ಮುಂಚೆ ಬಿಚ್ಚಬಾರದು. ತಾತ ಹೊಸ್ತಿಲ ಮುಂದೆ ಇಡೀ ಗಂಟನ್ನೇ ಬಿಚ್ಚಿ, ಬದಲಿಗೆ ಯಾವುದು ಬೇಕಾದರೂ ಆರಿಸಿಕೊಳ್ಳಿ ಎಂದರು. ಆಕೆ ಬಾಗಿಲು ಮುಂದಕ್ಕೆ ಹಾಕಿಕೊಂಡಳು.

ಬಸ್ಸಿಗೆ ಹೊತ್ತಾಗಿತ್ತು. ತಾತ ಬಿಸಿಲಿನಲ್ಲೇ ಕೂತು ಗಂಟನ್ನು ತಳದಿಂದ ಕಟ್ಟಿ, ಎದ್ದು, ಪಕ್ಕದ ಮನೆಯ ಜಗಲಿ ಹತ್ತಿದರು.

“ತಾತ, ಇನ್ಯಾತಕ್ಕೆ? ಸೀರೆ ಅಲ್ಲೈತೆ!” ಎಂದು ಅಳುತ್ತಾ ಕಿರುಚಿದೆ.

“ಆ ಮನೆ ಆದ್ಮೇಲೆ ಈ ಮನೆ ಕಣಮ್ಮ. ಇವರನ್ನ ಬುಟ್ಟು ಹೆಂಗೆ ಹೋಗ್ಲಿ?”

ಅವರು ನೀರು ಕುಡಿದರು. ಯಾರದೋ ಮಂಡಿನೋವಿನ ಕತೆ ಕೇಳಿದರು. ನಾನು ಆ ಜಗಲಿಯ ಕಂಬಕ್ಕೆ ತಲೆ ಒತ್ತಿ ನಿಂತಿದ್ದೆ. ಅಷ್ಟರಲ್ಲಿ ಹಿತ್ತಲ ಸಂದಿಯಿಂದ ನನ್ನಷ್ಟೇ ವಯಸ್ಸಿನ ಹುಡುಗಿ ಓಡಿಬಂದಳು. ಮದುವೆ ಹೆಣ್ಣು. ದುಪಟ್ಟಾದ ಒಳಗಿಂದ ಮಡಿಸಿದ ಕಾಗದ ತೆಗೆದಳು. “ಅಮ್ಮಂಗೆ ಗೊತ್ತಾದ್ರೆ ಸಾಯಿಸ್ತಾಳೆ. ತಡೀಲಾರ್ದೆ ಮೊನ್ನೇನೇ ಬಿಚ್ಚಿ ಉಟ್ಕೊಂಡು ನೋಡ್ಬುಟ್ಟೆ. ಇದು ಬಿತ್ತು.” ಕೊಡುತ್ತಾ ಒಮ್ಮೆ ಅದರ ಮೇಲೆ ಕಣ್ಣಾಡಿಸಿದಳು. “ಲೆಕ್ಕದಾಗೆ ಇಷ್ಟು ಮಾರ್ಕ್ಸಾ ಅಕ್ಕಾ? ನಂಗೆ ಅದ್ರಾಗೇ ಹೋಯ್ತು.”

ತಾತ ಕಾಗದದ ಕಡೆ ನೋಡಲೇ ಇಲ್ಲ. “ಸೀರೆ ಹೆಂಗೈತಮ್ಮ ನಿಂಗೆ?” ಎಂದು ಅವಳನ್ನು ಕೇಳಿದರು.

“ಚೆನ್ನಾಗೈತೆ ತಾತ. ಬಲು ಭಾರ, ಅಷ್ಟೇ” ಎಂದು ಬಂದ ಸಂದಿಯಲ್ಲೇ ಮರೆಯಾದಳು.

ಅವಳ ಹೆಸರು ಕೇಳಬೇಕೆಂದು ನನಗೆ ತೋಚಲಿಲ್ಲ. ನಾನು ಹೊರಬಂದ ಸಂದಿ ಅವಳಿಗೆ ಮುಚ್ಚಿತೇನೋ... ಇವತ್ತಿಗೂ ಕಾಡುತ್ತದೆ.

ಸೋಮವಾರ ದಾಖಲೆ ತೋರಿಸಿದೆ. ತರಬೇತಿಗೆ ಹೋದೆ. ನಾನು ಅಲ್ಲಿದ್ದಾಗಲೇ ತಾತ ಸೆಟ್ಟೂರಿನ ಕಡೆಯ ಸುತ್ತಿನಲ್ಲಿ, ಯಾರದೋ ಜಗಲಿಯ ಮೇಲೆ ನೀರು ಕುಡಿದು ಕೂತವರು ಏಳಲಿಲ್ಲ. ಮರುದಿನ ನನಗೆ ಹಾರಾಟದ ಪರೀಕ್ಷೆಯಿದ್ದ ಕಾರಣಕ್ಕೆ ಮನೆಯವರು ಸಾವಿನ ಸುದ್ದಿ ತಿಳಿಸಿದ್ದು ಎಲ್ಲ ಮುಗಿದ ಮೇಲೆ. ಹೋಗಿ ಮುಖ ನೋಡಲು ಆಗಲಿಲ್ಲ. ಅಷ್ಟು ಮೇಲೆ ಹಾರುವವಳಿಗೆ ನಮ್ಮ ಬೀದಿಗೆ ಹೋಗಿ ನಿಲ್ಲಲು ದಾರಿಯಿರಲಿಲ್ಲ.

ಹೋದ ತಿಂಗಳು ರಜೆಗೆ ಹಿಂದೂಪುರಕ್ಕೆ ಹೋದಾಗ ತಾತನ ಹೆಂಡತಿ ಅಜ್ಜಿ ಜಗಲಿಯ ಮೇಲೆ ಕಾಯುತ್ತಿದ್ದರು. ತಾತ ತೀರಿಕೊಂಡದ್ದು ಬೇರೆ ಊರಿನಲ್ಲಾದ್ದರಿಂದ ಮರಣ ಪತ್ರಕ್ಕೆ ಅಲೆದು ಅಲೆದು, ಅದು ಆಗಷ್ಟೇ ಕೈಗೆ ಬಂದಿತ್ತಂತೆ. ತಾತನ ಹೆಸರಿನಲ್ಲಿ ಆ ಮನೆಗೆ ಬಂದ ಸರ್ಟಿಫಿಕೇಟು ಅದೊಂದೇ. ಅಜ್ಜಿ ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

“ಓದೋಳು ನೀನು. ಅವರೇನಾ, ಇನ್ಯಾರಾದ್ರೂನಾ, ನೋಡಿ ಹೇಳಮ್ಮ.”

ಹೆಸರು ಓದಿದೆ. ತಂದೆಯ ಹೆಸರು, ಊರು, ಬೀದಿ, ಹೆಂಡತಿಯ ಹೆಸರು. ನಡುವೆ ನಿಂತುಹೋಗಿ, ಮತ್ತೆ ಮೊದಲ ಸಾಲಿನಿಂದ ಓದಿದೆ.

“ಅವರೇ ಅಜ್ಜಿ. ಎಲ್ಲಾ ಸರಿಯಾಗೈತೆ.”

ಅಜ್ಜಿ ಕಾಗದ ಮಡಿಸಿಕೊಂಡು, ತಾತ ಸುತ್ತು ಮುಗಿಸಿ ಬರುತ್ತಿದ್ದ ಬೀದಿಯ ಕಡೆ ನೋಡಿದರು.

“ಹಂಗಾದ್ರೆ ಇನ್ನ ಬರಲ್ಲ ಬುಡು” ಎಂದರು.