ಬಸ್ಸಿಗೆ ಕಾಯುತ್ತಿದ್ದ ಕೈ

"ಬರುತ್ತಾ?" ಎಂದು ಕೆಲಸದ ಸಂದರ್ಶನದಲ್ಲಿ ಸಾರ್ ಕೇಳಿದಾಗ "ಬರುತ್ತೆ ಸಾರ್" ಎಂದುಬಿಟ್ಟಿದ್ದೆ. ಆಟ ತಯಾರಿಸುವ ಆ ಸಾಫ್ಟ್‌ವೇರನ್ನು ನಾನು ಅಲ್ಲಿಯವರೆಗೆ ಕಣ್ಣಿಂದಲೂ ನೋಡಿರಲಿಲ್ಲ. ಒಂಬತ್ತು ವರ್ಷ ಹೊಸೂರಿನ ಒಂದು ಕಾರ್ಖಾನೆಯ ಲೈನಿನಲ್ಲಿ ನಿಂತು ಬಿಡಿಭಾಗ ಜೋಡಿಸಿದವಳು ನಾನು. ಬೆನ್ನುನೋವಿಗೆ ಕೆಲಸ ಬಿಟ್ಟ ಮೇಲೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕಾರ್ಟೂನು ಮಾಡುವುದನ್ನು ಒಂದಿಷ್ಟು ಕಲಿತಿದ್ದೆ. ಅಷ್ಟರ ಧೈರ್ಯದಲ್ಲಿ ಮೊಬೈಲ್ ಆಟ ಮಾಡುವ ಕಂಪನಿಗೆ ಹಾಕಿದ ಅರ್ಜಿ. ಮೂರು ತಿಂಗಳು ನೋಡುತ್ತೇವೆ, ಸರಿಹೋದರೆ ಖಾಯಂ ಎಂದರು. ಸರಿಹೋಗದಿದ್ದರೆ ಮತ್ತೆ ಲೈನು. ಅದನ್ನು ನೆನೆದರೇ ಬೆನ್ನು ಹಿಡಿದುಕೊಳ್ಳುತ್ತಿತ್ತು.

ನನಗೆ ಒಪ್ಪಿಸಿದ್ದು ಗುಲಾಬಿ ತೋಟಕ್ಕೆ ಹೊಸದಾಗಿ ಸೇರುವವರಿಗೆ ಹೂ ಕೊಯ್ಯುವುದನ್ನು ಕಲಿಸುವ ಮೊಬೈಲ್ ಆಟ. ಎಡಗೈ ದಂಟು ಹಿಡಿಯಬೇಕು, ಬಲಗೈ ಕತ್ತರಿಸಬೇಕು. ಪರದೆಯ ಕೆಳಗೆ ಸೆಕೆಂಡುಗಳ ಒಂದು ಉದ್ದನೆಯ ಪಟ್ಟಿ ಇರುತ್ತದೆ, ಅದೇ ಟೈಮ್‌ಲೈನ್. ಯಾವ ಕ್ಷಣಕ್ಕೆ ಕೈ ಎಲ್ಲಿರಬೇಕೋ ಅಲ್ಲೊಂದು ಚುಕ್ಕಿ ಇಟ್ಟರೆ, ಎರಡು ಚುಕ್ಕಿಗಳ ನಡುವಿನ ಚಲನೆಯನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಕೇಳಲು ಸುಲಭ. ಮೊದಮೊದಲು ನನ್ನ ಹೂವು ಕೈಗೆ ಸಿಗದೆ ಆಕಾಶಕ್ಕೆ ಹಾರಿಹೋಗುತ್ತಿತ್ತು. ಯಾರನ್ನಾದರೂ ಕೇಳೋಣವೆಂದರೆ, "ಬರುತ್ತೆ" ಎಂದ ಬಾಯಿ! ವಿಡಿಯೋ ನೋಡಿ, ತಪ್ಪು ಮಾಡಿ, ಅಳಿಸಿ, ಅಂತೂ ಇಂತೂ ಹೂವನ್ನು ಕೈಯಲ್ಲಿ ನಿಲ್ಲಿಸಿದೆ.

ಆದರೂ ಏನೋ ಸರಿಯಿರಲಿಲ್ಲ. ಏನೆಂದು ತಿಳಿಯುತ್ತಿರಲಿಲ್ಲ. ಶುಕ್ರವಾರ ಬೇರಿಕೆ ಊರಿನ ಕಡೆಯ ಗುಲಾಬಿ ತೋಟವೊಂದರಲ್ಲಿ ಆಟವನ್ನು ಎಲ್ಲರ ಮುಂದೆ ತೋರಿಸಬೇಕಿತ್ತು. ಅದಕ್ಕೆ ಮುಂಚಿನ ಭಾನುವಾರ ಬೆಳಿಗ್ಗೆ ಆಲಸನತ್ತಂ ಊರಿನ ನಮ್ಮ ಮನೆಯ ಬಾಗಿಲಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಅತ್ತೆ ಕನಕಾಂಬರ ಕಟ್ಟುತ್ತಿದ್ದರು. ಮಂಡಿ ಸೋಲುವವರೆಗೂ ಗುಲಾಬಿ ತೋಟದಲ್ಲಿ ಹೂ ಕೊಯ್ದವರು ಅವರು. ಅವರನ್ನು ಕೇಳಬೇಕೆಂದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ ನೋಡಿ. ಅವರೇ ಬಗ್ಗಿ ನೋಡಿದರು.

"ಅದ್ಯಾಕಮ್ಮಿ ಆ ಕೈ ಹಂಗ್ ನಿಂತ್ಕಂಡೈತೆ? ಬಸ್ಸಿಗೆ ಕಾಯ್ತೈತಾ?"

ನನಗೆ ರೇಗಿತು. "ಕತ್ತರಿಸಿದ್ ಮೇಲೆ ತಾನೇ, ಅತ್ತೆ, ಎಡಗೈ ಹೂ ತೆಗ್ಯೋದು?"

"ನಿಮ್ ಫ್ಯಾಕ್ಟ್ರೀಲಿ ಹಂಗೇನೋ. ತೋಟದಾಗೆ ಕತ್ರಿ ಬೀಳೋ ಹೊತ್ಗೇ ಎಡಗೈ ಎಳ್ಕಂಡಿರ್ತೈತೆ, ಕಣ್ಣು ಮುಂದಿನ್ ಹೂವ್ಗೆ ಹೋಗ್ಬುಟ್ಟಿರ್ತೈತೆ. ಇದು ಮುಗೀಲಿ ಅಂತ ಅದು ಕಾಯಾಕಿಲ್ಲ."

ಅವರ ಮಡಿಲು ನೋಡಿದೆ. ಬಲಗೈ ಗಂಟು ಬಿಗಿಯುತ್ತಿರುವಾಗಲೇ ಎಡಗೈ ಮುಂದಿನ ಹೂಗಳನ್ನು ಜೋಡಿಸಿಕೊಂಡಿತ್ತು. ನನಗೆ ನಾಚಿಕೆಯಾಯಿತು. ಲೈನಿನಲ್ಲಿ ಹಿಂದಿನವಳ ಕೆಲಸ ಮುಗಿದು, ಟ್ರೇ ನನ್ನ ಮುಂದೆ ಬಂದು ನಿಂತ ಮೇಲೆಯೇ ನಾನು ಕೈ ಹಾಕಬೇಕಿತ್ತು. ಒಂಬತ್ತು ವರ್ಷದ ಆ ಅಭ್ಯಾಸವನ್ನೇ ಚುಕ್ಕಿಗಳಲ್ಲಿ ಇಟ್ಟಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಲೈನಿನ ಗುಣವೂ ಅಷ್ಟೇ. ಬಲಗೈ ಮುಗಿಸುವ ಮೊದಲೇ ಎಡಗೈ ಹೊರಡುವಂತೆ ಅದರ ಚುಕ್ಕಿಗಳನ್ನೆಲ್ಲ ಹಿಂದಕ್ಕೆ ಸರಿಸುತ್ತಾ ಹೋದೆ. "ಇನ್ನೊಂಚೂರು", "ಅಯ್ಯೋ, ಅಷ್ಟ್ ಬ್ಯಾಡ", "ಹಾಂ, ಈಗ ಸರೋಯ್ತು" ಎಂದು ಅತ್ತೆ ಹೂ ಕಟ್ಟುತ್ತಲೇ ಹೇಳುತ್ತಿದ್ದರು.

ಶುಕ್ರವಾರ ತೋಟದ ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಂಗಸರು ನೆಲದ ಮೇಲೆ ಕೂತಿದ್ದರು. ನಮ್ಮ ಸಾರ್ ಕೈಕಟ್ಟಿ ನಿಂತಿದ್ದರು. ಆಟ ಒಂದು ಸಲ ಓಡಿತು. ಎರಡನೇ ಸಲ ಓಡುವಾಗ ಮುಂದೆ ಕೂತಿದ್ದ ಹಿರಿಯ ಹೆಂಗಸು ಪಕ್ಕದವಳಿಗೆ ತೆಲುಗಿನಲ್ಲಿ ಏನೋ ಅಂದು ನನ್ನ ಕಡೆ ತಿರುಗಿದರು.

"ಈ ಕೈ ಯಾರ್ದಮ್ಮ? ಹೊಸಬರ್ದಲ್ಲ, ಪಳಗಿದ್ ಕೈ ಇದು."

"ನಮ್ಮತ್ತೇದು" ಎಂದೆ. ಹೋದ ಜೀವ ಬಂದಂತಾಯಿತು. ಸೋಮವಾರ ಬಂದು ಖಾಯಂ ಪತ್ರ ತೆಗೆದುಕೊಳ್ಳಿ ಎಂದು ಸಾರ್ ತಮಿಳಿನಲ್ಲಿ ಹೇಳಿದ್ದು ಆಮೇಲೆ. ಅಷ್ಟು ಹೊತ್ತಿಗೆ ನನ್ನ ಬೆನ್ನು ತಾನಾಗಿಯೇ ಹಗುರವಾಗಿತ್ತು.

ಮನೆಗೆ ಬಂದು ಎಲ್ಲವನ್ನೂ ಅತ್ತೆಗೆ ಹೇಳಿದೆ. ಅವರು ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಹಂಗಾರೆ ಇನ್ನೂ ತೋಟದಾಗೇ ಐತಾ ನನ್ ಕೈ?"

"ಐತೆ ಅತ್ತೆ" ಎಂದು ಆ ಕೈ ಹಿಡಿದುಕೊಂಡು ಅತ್ತುಬಿಟ್ಟೆ.