ಜೆಸಿಂತಾ ಆಂಟಿಯ ಗೆಣಸು

ಆ ವರ್ಷಗಳಲ್ಲಿ ಅಮೆರಿಕದ ನಮ್ಮ ಊರು ಸುವಾನಿಯ ಕನ್ನಡದವರ ಮನೆಗಳಲ್ಲಿ ಓವನ್ ಎಂದರೆ ಬಾಣಲೆ, ತವಾ, ಇಡ್ಲಿ ಪಾತ್ರೆ ತುಂಬಿಡುವ ಕಪಾಟು. ಅದು ಕಾಯುತ್ತದೆ ಎನ್ನುವುದನ್ನೇ ನಮ್ಮಮ್ಮ ಮರೆತುಬಿಟ್ಟಿದ್ದಳು. ನಮ್ಮ ಬೀದಿಯಲ್ಲಿ ಓವನ್ನಿನಲ್ಲಿ ನಿಜಕ್ಕೂ ಅಡುಗೆ ಮಾಡುತ್ತಿದ್ದ ಕನ್ನಡದವರು ಜೆಸಿಂತಾ ಆಂಟಿ ಒಬ್ಬರೇ. ನವೆಂಬರ್ ಬಂತೆಂದರೆ ಅವರ ಮನೆಯ ದಾಲ್ಚಿನ್ನಿ, ಬೆಣ್ಣೆ, ಬೇಯುವ ಅನಾನಸಿನ ವಾಸನೆ ನಮ್ಮ ಗರಾಜಿನವರೆಗೂ ಬರುತ್ತಿತ್ತು. ಅಮೆರಿಕದಲ್ಲಿ ಬೆಳೆದವರಿಗೆಲ್ಲ ಈ ವಾಸನೆ ಗೊತ್ತಿರುತ್ತದೆ, ಹಿತವಾಗಿಯೂ ಇರುತ್ತದೆ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಈಗಲೂ ಸಿಟ್ಟು ಬರುತ್ತದೆ.

ಆಂಟಿ ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು, ಆಸ್ಪತ್ರೆಯಲ್ಲಿ ನರ್ಸ್. ಬೆಳಗಿನ ಶಿಫ್ಟ್ ಮುಗಿಸಿ, ನಮ್ಮ ಸ್ಕೂಲ್ ಬಸ್ ಬರುವ ಹೊತ್ತಿಗೆ ಮನೆಯಲ್ಲಿರುತ್ತಿದ್ದರು. ಅವರ ಮಗಳು ಶರಲ್ ನನ್ನ ಕ್ಲಾಸಿನವಳೇ. ಅಮ್ಮ ಕೆಲಸದಿಂದ ಬರುವವರೆಗೆ ನಾನು ಅಲ್ಲೇ ತಿಂದು, ಅಲ್ಲೇ ಹೋಮ್‌ವರ್ಕ್ ಮಾಡಿ, ಎಷ್ಟೋ ಸಲ ಅಲ್ಲೇ ನಿದ್ದೆ ಹೋಗುತ್ತಿದ್ದೆ. ಮೈಸೂರಿನಿಂದ ಬಂದ ಹೊಸತರಲ್ಲಿ ಅಮ್ಮನಿಗೆ ಇಲ್ಲಿ ಯಾರೂ ಗೊತ್ತಿರಲಿಲ್ಲವಂತೆ. ಭಾನುವಾರ ಖಾಲಿ ಬಿದ್ದಿರುತ್ತಿದ್ದ ಪಾರ್ಕಿಂಗ್ ಲಾಟಿಗೆ ಕರೆದೊಯ್ದು ಕಾರು ಕಲಿಸಿದವರು ಆಂಟಿ, ಅಮ್ಮನ ಬಾಯಲ್ಲಿ ಜೆಸ್ಸಿ. ಅಪ್ಪ ಪಕ್ಕದಲ್ಲಿ ಕೂತರೆ ಅಮ್ಮ ಬ್ರೇಕ್ ಎಲ್ಲಿದೆ ಎನ್ನುವುದನ್ನೇ ಮರೆಯುತ್ತಿದ್ದಳು, ಆಂಟಿ ಕೂತರೆ ಮರೆಯುತ್ತಿರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಎಂಬ ನವೆಂಬರ್ ಹಬ್ಬದ ಊಟ ಪ್ರತಿವರ್ಷ ಅವರ ಮನೆಯಲ್ಲೇ. ಹಿಂದಿನ ದಿನ ಗೆಣಸಿನ ಸಿಪ್ಪೆ ತೆಗೆಯುವುದು ಶರಲ್ ಮತ್ತು ನನ್ನ ಕೆಲಸ. ಸಿಪ್ಪೆ ತುಂಡಾಗದಂತೆ ಯಾರು ಉದ್ದಕ್ಕೆ ತೆಗೆಯುತ್ತಾರೋ ಅವರು ಗೆದ್ದಂತೆ. ಗೆದ್ದವರು ಆ ಸಿಪ್ಪೆಯನ್ನು ಮೀಸೆ ಮಾಡಿಕೊಂಡು ಕೂರುತ್ತಿದ್ದರು. ಆಂಟಿ ಗೆಣಸನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ ಒಂದು ಪದರ ಹಾಸಿ, ಅದರ ಮೇಲೆ ಸೇಬು, ಅನಾನಸು, ಒಣದ್ರಾಕ್ಷಿ ಹರಡಿ, ಮತ್ತೊಂದು ಪದರ ಗೆಣಸು ಇಟ್ಟು, ಕಿತ್ತಳೆ ರಸ ಸುರಿಯುತ್ತಿದ್ದರು. ಮೇಲೆ ಪೆಕಾನ್ ಬೀಜ, ಕೊನೆಗೆ ಹತ್ತಿಯಂಥ ಬಿಳಿ ಮಿಠಾಯಿ, ಮಾರ್ಷ್‌ಮೆಲೊ. ಬೇಯುವಾಗ ಅಂಚಿನಲ್ಲಿ ಪಾಕ ಗಟ್ಟಿಯಾಗಿ ಅಂಟಿಕೊಳ್ಳುತ್ತಿತ್ತು. ಅದನ್ನು ಚಮಚದಲ್ಲಿ ಕೆರೆದು ತಿನ್ನಲು ನಾವಿಬ್ಬರೂ ಜಗಳವಾಡುತ್ತಿದ್ದೆವು.

ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪನ ಅಮ್ಮ, ನನ್ನ ಅಜ್ಜಿ, ಧಾರವಾಡದಿಂದ ಬಂದಳು. ಅಜ್ಜಿ ಕೆಟ್ಟವಳಲ್ಲ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಆದರೆ ಅಮ್ಮ ಮಾಡಿದ್ದು ಯಾವುದೂ ಅವಳಿಗೆ ಸರಿಬರುತ್ತಿರಲಿಲ್ಲ. ಸಾರಿಗೆ ಬೆಲ್ಲ ಹೆಚ್ಚು, ರೊಟ್ಟಿ ದಪ್ಪ, ಮಡಿ ಇಲ್ಲ, ಮೈಲಿಗೆ ಇಲ್ಲ. ಅವಳು ಬಂದಮೇಲೆ ಅಮ್ಮ ಮನೆಯೊಳಗೆ ಹೆಜ್ಜೆಯ ಸದ್ದೂ ಕೇಳದಂತೆ ಓಡಾಡುತ್ತಿದ್ದಳು.

ಥ್ಯಾಂಕ್ಸ್‌ಗಿವಿಂಗ್ ಯಾವಾಗಲೂ ಗುರುವಾರವೇ ಬರುತ್ತದೆ. ಅಜ್ಜಿಗೆ ಗುರುವಾರ ಉಪವಾಸ. ತಾನು ಅಲ್ಲಿಗೆ ಬಂದು ಏನು ತಿನ್ನಬೇಕು ಎಂದು ಅಜ್ಜಿ ಕೇಳಿದಳು. ಉಪವಾಸಕ್ಕೆ ಗೆಣಸು, ಹಣ್ಣು, ಹಾಲು ನಡೆಯುತ್ತದೆ ಎಂದು ಅಮ್ಮನಿಂದ ಗೊತ್ತಾದಾಗ ಆಂಟಿಗೆ ಹಿಡಿಸಲಾರದಷ್ಟು ಖುಷಿ. ಅಜ್ಜಿಗಾಗಿಯೇ ಅವರು ತಮ್ಮ ಅಡುಗೆಯನ್ನು ಬದಲಿಸಿದರು. ಮಾರ್ಷ್‌ಮೆಲೊದಲ್ಲಿ ಪ್ರಾಣಿಯದೇನೋ ಇರುತ್ತದೆಂದು ಅದನ್ನು ಬಿಟ್ಟರು. ಬೆಣ್ಣೆಯ ಬದಲು ಅಮ್ಮ ಕಾಯಿಸಿದ ತುಪ್ಪ, ಸಕ್ಕರೆಯ ಬದಲು ಬೆಲ್ಲ. ತಮ್ಮ ಪಾತ್ರೆ ಬೇಡವೆಂದು ಹೊಸ ಗಾಜಿನ ಟ್ರೇ ಎರಡನ್ನು ಕೊಂಡು ತಂದುಕೊಟ್ಟರು. ಅಮ್ಮ ನಮ್ಮ ಮನೆಯಲ್ಲಿ, ತನ್ನ ಕೈಯಾರೆ ಮಾಡಿ ತರುವುದಾದರೆ ಬರುತ್ತೇನೆ ಎಂದು ಅಜ್ಜಿ ಒಪ್ಪಿದಳು.

ಗುರುವಾರ ಬೆಳಿಗ್ಗೆ ಅಮ್ಮ ಓವನ್ನಿನಿಂದ ಬಾಣಲೆಗಳನ್ನೆಲ್ಲ ತೆಗೆದು, ಅದನ್ನು ಕಾಯಲು ಬಿಟ್ಟಳು. ಹಪ್ಪಳ ಮೆತ್ತಗಾಗದಿರಲಿ ಎಂದು ತಾನೇ ಹಿಂದೆ ತಳ್ಳಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ ಅವಳ ನೆನಪಿಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮನೆತುಂಬ ಕಪ್ಪು ಹೊಗೆ, ಅಲಾರಂ ಕೂಗಾಟ, ಅದರ ಕೆಳಗೆ ಬೆಡ್‌ಶೀಟ್ ಬೀಸುತ್ತ ಅಪ್ಪ. ಡಬ್ಬಿ ಕರಗಿ ಓವನ್ನಿನ ತಳಕ್ಕೆಲ್ಲ ಮೆತ್ತಿಕೊಂಡಿತ್ತು. ಗೆಣಸು ಹಸಿಯಾಗಿಯೇ ಉಳಿಯಿತು. ಅಜ್ಜಿ ಅಮ್ಮನ ಕಡೆ ನೋಡಿದಳು, ಅಷ್ಟೇ. ಅಮ್ಮ ತಡಬಡಿಸಿ, ಜೆಸ್ಸಿ ಮನೆಯಲ್ಲಿ ಎರಡು ಓವನ್ ಇವೆ, ಒಂದನ್ನು ನಮಗೇ ಬಿಟ್ಟುಕೊಡುತ್ತಾರೆ ಎಂದಳು. ಅವರ ಮನೆಯಲ್ಲಿ ಇದ್ದದ್ದು ಒಂದೇ ಓವನ್.

ನಾವು ಹೋದಾಗ ಅದರೊಳಗೆ ಹಬ್ಬದ ಟರ್ಕಿ ಕೋಳಿ ಬೇಯುತ್ತಿತ್ತು. ಶರಲ್ ಜೊತೆ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದೆ. ಎಲ್ಲವನ್ನೂ ನೋಡಿದೆ.

ಟರ್ಕಿ ಬೇಯಲಿ, ಆಮೇಲೆ ಒಳಗೆಲ್ಲ ಒರೆಸಿ ನಿಮ್ಮದನ್ನು ಇಡುವ ಎಂದರು ಆಂಟಿ. ಅಮ್ಮ ಗಡಿಯಾರ ನೋಡಿದಳು. ಹೊರಗೆ ಸೋಫಾದಲ್ಲಿ ಅಜ್ಜಿ ಬೆಳಗಿನಿಂದ ಬರೀ ಹಾಲಿನ ಮೇಲೆ ಇದ್ದಳು. “ಮೇಲಿನ ರ‍್ಯಾಕ್ ಖಾಲಿ ಇದೆಯಲ್ಲ ಜೆಸ್ಸಿ, ಫಾಯಿಲ್ ಮುಚ್ಚಿದೀನಿ, ಏನೂ ಆಗಲ್ಲ” ಎನ್ನುತ್ತ ಅಮ್ಮನೇ ಬಾಗಿಲು ತೆಗೆದು ಎರಡೂ ಟ್ರೇಗಳನ್ನು ಒಳಗೆ ತಳ್ಳಿದಳು.

“ಬೇಡ ಮಾರಾಯ್ತಿ, ಅವರನ್ನೊಮ್ಮೆ ಕೇಳು” ಎಂದರು ಆಂಟಿ.

“ಕೇಳಿದ್ರೆ ತಿನ್ನಲ್ಲ. ನಾನು ಹ್ಯಾಂಡಲ್ ಮಾಡ್ತೀನಿ ಬಿಡು.”

ಅಜ್ಜಿ ತಿಂದಳು. ಮೊದಲು ಇದೇನು ಗಜ್ಜರಿಯಂಗ ಕೆಂಪಗ ಅದ ಎಂದು, ಕ್ಯಾರೆಟ್ ಬಣ್ಣದ ಗೆಣಸು ಕಂಡು ಅನುಮಾನಪಟ್ಟವಳು ಒಂದು ಬಟ್ಟಲು ಮುಗಿಸಿ ಇನ್ನೊಂದು ಕೇಳಿದಳು. ಭಾಳ ಛಲೋ ಆಗೇದ ಎಂದು ಅಮ್ಮನಿಗೇ ಹೇಳಿದಳು. ಅತ್ತೆಯ ಬಾಯಿಂದ ಅಂಥ ಮಾತು ಅಮ್ಮ ಅಲ್ಲಿಯವರೆಗೆ ಕೇಳಿರಲಿಲ್ಲ. ಅವಳ ಮುಖ ಕೆಂಪಾಯಿತು. ಇಷ್ಟು ರುಚಿಯಾಗಿ ಬೇಯಿಸುವ ಓವನ್ ಹೇಗಿದೆಯೋ ನೋಡಬೇಕೆಂದು ಅಜ್ಜಿ ಬಟ್ಟಲು ಹಿಡಿದು ಅಡುಗೆಮನೆಗೆ ನಡೆದಳು. ಆಗಷ್ಟೇ ಆಂಟಿಯ ಗಂಡ ಓವನ್ ತೆರೆದು ಟರ್ಕಿಯನ್ನು ಹೊರಗೆಳೆಯುತ್ತಿದ್ದರು. ಅದರ ಮೇಲಿನ ರ‍್ಯಾಕಿನಲ್ಲಿ ನಮ್ಮ ಎರಡನೆಯ ಟ್ರೇ ಇತ್ತು.

ಅಜ್ಜಿ ಬಟ್ಟಲನ್ನು ಕಟ್ಟೆಯ ಮೇಲಿಟ್ಟಳು. “ಎರಡು ಓವನ್ ಅವ ಅಂದಿದ್ದಿ?”

ಅಮ್ಮ ಆಂಟಿಯ ಕಡೆ ನೋಡಲಿಲ್ಲ. “ಬೇರೆ ಇಡಿ ಅಂತಲೇ ಹೇಳಿದ್ದೆ ಅತ್ತೆ. ಜೆಸ್ಸಿ ಮರ್ತುಬಿಟ್ಟಿರಬೇಕು.”

ನಾನು ಸುಮ್ಮನಿರಲಿಲ್ಲ. ಅದು ಸುಳ್ಳು, ಇಟ್ಟವಳು ಅಮ್ಮನೇ, ಆಂಟಿ ಬೇಡವೆಂದಿದ್ದರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಆದರೆ ಇಂಗ್ಲಿಷಿನಲ್ಲಿ ಹೇಳಿದೆ. ಸಿಟ್ಟು ಬಂದರೆ ಆಗ ನನಗೆ ಬರುತ್ತಿದ್ದದ್ದು ಇಂಗ್ಲಿಷ್ ಮಾತ್ರ. ಅಜ್ಜಿಗೆ ಅರ್ಥವಾಗದೆ ಅಪ್ಪನ ಕಡೆ ತಿರುಗಿದಳು. “ಏನಂತದ ಕೂಸು?”

ಅಪ್ಪ ಒಂದು ಗಳಿಗೆ ಅಮ್ಮನನ್ನು ನೋಡಿದ. “ಏನಿಲ್ಲ ಅವ್ವಾ. ಹಸಿವಾಗೇದಂತ.”

ಆಂಟಿ ಕೈಗವಸು ತೆಗೆದು, ನನ್ನ ತಲೆ ಸವರಿ, ಅಜ್ಜಿಯ ಮುಂದೆ ಬಂದು ನಿಂತರು. “ನನ್ನದೇ ತಪ್ಪು ಅಮ್ಮ. ಗಡಿಬಿಡಿಯಲ್ಲಿ ನೋಡಲಿಲ್ಲ.”

ಅಜ್ಜಿ ಬಾತ್‌ರೂಮಿಗೆ ಹೋಗಿ ತುಂಬ ಹೊತ್ತು ಬಾಯಿ ಮುಕ್ಕಳಿಸಿ, ನೇರ ಕಾರಿನಲ್ಲಿ ಹೋಗಿ ಕೂತಳು. ನಾವು ಊಟ ಮಾಡದೆ ಹೊರಟೆವು. ದಾರಿಯಲ್ಲಿ ಅಜ್ಜಿ, ಅವರಿಗೇನು ಗೊತ್ತಾಗ್ತದ ನಮ್ಮ ರೀತಿ ಎಂದಳು. “ಹೌದು ಅತ್ತೆ, ಎಷ್ಟು ಹೇಳಿದ್ರೂ ಅಷ್ಟೇ ಅವರು” ಎಂದಳು ಅಮ್ಮ. ಅಡುಗೆಮನೆಯಲ್ಲಿ ಹೇಳಿದ ಸುಳ್ಳು ಹೆದರಿಕೆಯದು, ಅದನ್ನು ನಾನು ಎಂದೋ ಕ್ಷಮಿಸಿರಬಹುದು. ಕಾರಿನಲ್ಲಿ ಈ ಮಾತನ್ನು ಆಡೆಂದು ಅವಳನ್ನು ಯಾರೂ ಒತ್ತಾಯಿಸಿರಲಿಲ್ಲ. ಅದಕ್ಕೆ ಇವತ್ತಿಗೂ ನನ್ನಲ್ಲಿ ಕ್ಷಮೆ ಇಲ್ಲ.

ಮುಂದಿನ ವಾರದಿಂದ ನನ್ನನ್ನು ಸಂಜೆಯವರೆಗೆ ಮಕ್ಕಳನ್ನು ನೋಡಿಕೊಳ್ಳುವ ಸ್ಕೂಲಿನ ಆಫ್ಟರ್‌ಕೇರಿಗೆ ಹಾಕಿದರು. ಅಜ್ಜಿ ಊರಿಗೆ ಹೋಗಲಿ, ಆಮೇಲೆ ನಾನೇ ಹೋಗಿ ಜೆಸ್ಸಿ ಹತ್ತಿರ ಮಾತಾಡುತ್ತೇನೆ ಎಂದಳು ಅಮ್ಮ. ಅಜ್ಜಿ ಜನವರಿಯಲ್ಲಿ ಹೋದಳು. ಅಮ್ಮ ಮಾತ್ರ ಹೋಗಲಿಲ್ಲ. ಬೆಳಗಿನ ಬಸ್ಸಿನಲ್ಲಿ ಶರಲ್ ಬೇರೆ ಸೀಟಿಗೆ ಹೋದಳು. ಅವಳಿಗೆ ಮನೆಯಲ್ಲಿ ಯಾರೂ ಏನೂ ಹೇಳಿಕೊಟ್ಟಿರಲಾರರು, ಅವಳೂ ಆ ಅಡುಗೆಮನೆಯಲ್ಲಿ ಇದ್ದಳಲ್ಲ. ಬೇಸಿಗೆಯಲ್ಲಿ ಅವಳ ಅಪ್ಪನಿಗೆ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಎಂಬ ಕಂಪನಿಗಳ ಬಡಾವಣೆಯಲ್ಲಿ ಕೆಲಸವಾಗಿ ಅವರು ಉತ್ತರ ಕೆರೊಲಿನಾಗೆ ಹೊರಟುಹೋದರು. ಟ್ರಕ್ಕಿಗೆ ಸಾಮಾನು ತುಂಬುವುದನ್ನು ಅಮ್ಮ ಪರದೆಯ ಸಂದಿಯಿಂದ ನೋಡಿದಳು.

ಹೈಸ್ಕೂಲಿನಲ್ಲಿ ನಾನು ಹಟ ಹಿಡಿದು ಕನ್ನಡ ಓದು ಬರಹ ಕಲಿತೆ. ಅಜ್ಜಿಗೆ ಒಂದು ಮಾತು ಅವಳ ಭಾಷೆಯಲ್ಲೇ ಬರೆದು ತಿಳಿಸಬೇಕಿತ್ತು. ನನ್ನ ಕನ್ನಡ ಅಷ್ಟು ಸುಧಾರಿಸುವ ಮೊದಲೇ ಅವಳು ತೀರಿಕೊಂಡಳು. ಕೊನೆಯವರೆಗೂ ಅವಳು ಬಂದವರಿಗೆಲ್ಲ ಅಮೆರಿಕದಲ್ಲಿ ಒಬ್ಬ ನರ್ಸ್ ತನ್ನ ಉಪವಾಸ ಕೆಡಿಸಿದ್ದನ್ನು ಹೇಳುತ್ತಿದ್ದಳಂತೆ.

ಈಗ ಅಮ್ಮ ಪ್ರತಿ ನವೆಂಬರಿನಲ್ಲಿ ಆ ಗೆಣಸು ಮಾಡುತ್ತಾಳೆ, ತುಪ್ಪ ಬೆಲ್ಲ ಹಾಕಿ, ಮಾರ್ಷ್‌ಮೆಲೊ ಇಲ್ಲದೆ. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ಗಳಲ್ಲಿ ಅದು ಅಮ್ಮನ ಹೆಸರಿನಲ್ಲೇ, ಸುಮಾ ಆಂಟಿಯ ಗೆಣಸು ಎಂದು ಹೆಸರಾಗಿದೆ. ರೆಸಿಪಿ ಕೇಳಿದವರಿಗೆಲ್ಲ ಕೊಡುತ್ತಾಳೆ, ಯಾರು ಕಲಿಸಿದರೆಂದು ಹೇಳುವುದಿಲ್ಲ. ಕಾಲೇಜಿನಿಂದ ರಜೆಗೆ ಬಂದಾಗ ಒಮ್ಮೆ, ಅವಳು ಸೇಬು ಹೆಚ್ಚುತ್ತಿರುವಾಗ ಕೇಳಿಯೇಬಿಟ್ಟೆ, ಯಾಕೆ ಹಾಗೆ ಮಾಡಿದೆ ಎಂದು. ಯಾವುದು ಎಂದು ಅವಳು ಕೇಳಲಿಲ್ಲ.

“ಅತ್ತೆ ಮನೆ ಇನ್ನೊಂದು ಸಿಗಲ್ಲ ಅಂತ ಅಂದ್ಕೊಂಡೆ” ಎಂದಳು. ಚಾಕು ಕೆಳಗಿಟ್ಟು, “ಫ್ರೆಂಡ್ ಇನ್ನೊಬ್ಬರು ಸಿಗ್ತಾರೆ ಅಂತ ಅಂದ್ಕೊಂಡೆ.”

ಹೇಳಿ ಮತ್ತೆ ಹೆಚ್ಚತೊಡಗಿದಳು. ಸಿಗಲಿಲ್ಲ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.