ನುಗ್ಗೆ ತೋಪಾಗಿದ್ದ ನಮ್ಮ ಎಲೆತೋಟ

ನನ್ನನ್ನು ಶಿಗ್ಗಾಂವಿಗೆ ಕೊಟ್ಟು ಎಷ್ಟೋ ವರ್ಷವಾದರೂ ಸವಣೂರಿನ ನಮ್ಮ ವೀಳ್ಯದೆಲೆ ತೋಟದ ಸುದ್ದಿಗೆ ಬಂದರೆ ನನ್ನ ಪಿತ್ತ ನೆತ್ತಿಗೇರುತ್ತದೆ. ಆ ತೋಟ ಅವ್ವನದು. ಅಪ್ಪ ಹೋದ ಮೇಲೆ ಅವಳೇ ಬಳ್ಳಿ ಕಟ್ಟಿ, ಎಲೆ ಕೊಯ್ದು ಉಳಿಸಿಕೊಂಡು ಬಂದವಳು. ಈಚೆಗೊಂದು ಮಳೆಗಾಲದಲ್ಲಿ ಬಿಟ್ಟೂಬಿಡದ ಮಳೆಗೆ ಅರ್ಧ ತೋಟ ಕೊಳೆಯಿತು. ಸರಕಾರ ಪರಿಹಾರ ಕೊಟ್ಟಿತು. ಅಕ್ಕಪಕ್ಕದವರಿಗೆಲ್ಲ ಜಮಾ ಆಯಿತು, ನಮಗಿಲ್ಲ.

"ರೊಕ್ಕ ಬಂದ್ರ ಹೊಸ ಬಳ್ಳಿ ಹಚ್ಚೂಣು. ಇಲ್ಲಂದ್ರ ಎಲ್ಲಾ ಕಿತ್ತ ಗೋವಿನಜೋಳ ಹಾಕ್ತೇನಿ," ಅಂದ ಅಣ್ಣ. ಅವ್ವ ಅವತ್ತು ಉಣ್ಣಲೇ ಇಲ್ಲ.

ನಾನು ತಾಲೂಕು ಕಚೇರಿಗೆ ಹೋದೆ. "ನಿಮ್ಮ ಹೊಲದಾಗ ನುಗ್ಗಿ ಐತಲ್ರಿ, ಎಲಿಬಳ್ಳಿ ಎಲ್ಲೈತಿ?" ಎಂದು ಗುಮಾಸ್ತ ಸಮೀಕ್ಷೆಯ ಫೋಟೋ ತೋರಿಸಿದ.

"ನುಗ್ಗಿ ಅಂತ, ನುಗ್ಗಿ! ನಮ್ಮವ್ವನ ಎಲಿ ತಿಂದ ಅರ್ಧ ಊರ ಬಾಯಿ ಕೆಂಪ ಮಾಡ್ಕೊಂಡೈತಿ, ನಿಮಗ ನುಗ್ಗಿ ಕಂಡತೇನ್ರಿ?"

ಇಡೀ ಕಚೇರಿ ತಿರುಗಿ ನೋಡಿತು. ನೋಡಲಿ, ನನಗೇನು!

ತವರುಮನೆಗೆ ಬಂದಾಗ ನಿಜ ತಿಳಿಯಿತು. ಬೆಳೆ ಸಮೀಕ್ಷೆಗೆ ಬಂದವನನ್ನು ಅವ್ವನೇ ಬೇಲಿಯ ಹತ್ತಿರ ತಡೆದಿದ್ದಳು. ನಮ್ಮಲ್ಲಿ ಎಲೆತೋಟದೊಳಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಹೋದರೆ ಬಳ್ಳಿ ಕೊಳೆಯುತ್ತದಂತೆ. ಅವನಿಗೆ ಬೂಟು ಬಿಚ್ಚಲು ಬೇಸರ. ಗಾಳಿಗೆ ಅಡ್ಡವಾಗಲೆಂದು ಬೇಲಿಗುಂಟ ಹಚ್ಚಿದ್ದ ನುಗ್ಗೆ ಗಿಡಗಳ ಫೋಟೋ ಹೊಡೆದುಕೊಂಡು ಹೋಗಿದ್ದ.

"ಮಳಿ ಏನ್ ಚಪ್ಪಲಿ ಹಾಕ್ಕೊಂಡ ಬಂದಿತ್ತೇನಬೇ?" ಎಂದು ಅಣ್ಣ ರೇಗಿದ.

ನಾನು ಬಿಡುವವಳೇ? ಕಚೇರಿಯವರಿಗೆ ಸಾಕುಸಾಕಾಗುವವರೆಗೆ ಅಲೆದೆ. ಕೊನೆಗೆ ಮರುಪರಿಶೀಲನೆಗೆ ಅಧಿಕಾರಿಯೊಬ್ಬರು ಬಂದರು, ಹೆಣ್ಣುಮಗಳು. ಜೀಪಿನಿಂದ ಇಳಿದವರ ಕಾಲು ನೋಡಿ ಮುಗಿಯಿತು ಕಥೆ ಅಂದುಕೊಂಡೆ. ಒಂದು ಕಾಲಿಗೆ ಮೊಳಕಾಲಿನವರೆಗೆ ಆಸ್ಪತ್ರೆಯ ದಪ್ಪ ಬೂಟು.

"ಬಿದ್ದ ಎಲುಬ ಮುರ್ಕೊಂಡೇನ್ರಿ. ಇದನ್ನ ಬಿಚ್ಚಾಕ ಬರಂಗಿಲ್ಲ," ಅಂದರು. ತೋಟದ ನಡುವೆ ನಿಂತು ತೆಗೆದ ಫೋಟೋ ಮಾತ್ರ ನಡೆಯುತ್ತದಂತೆ.

"ಅವ್ವಾ, ನಿನ್ನ ಕಾಲಿಗೆ ಬೀಳ್ತೇನಿ, ಇದೊಂದ ಸಲ ಬಿಡು," ಎಂದೆ.

"ನಾ ಒಲ್ಲೆ." ಅವ್ವ ಬೇಲಿಯಲ್ಲಿ ಅಡ್ಡ ನಿಂತೇ ಇದ್ದಳು. ಆಮೇಲೆ ಅಧಿಕಾರಿಯತ್ತ ಕೈ ಚಾಚಿದಳು. "ಅಕ್ಕಾರ, ಆ ಫೋನ ನನ್ನ ಕೈಯಾಗ ಕೊಡ್ರಿ. ಅದಕ್ಕೇನ ಕಾಲಿಲ್ಲಲ್ಲ."

ಜನ್ಮದಲ್ಲಿ ಫೋಟೋ ತೆಗೆದವಳಲ್ಲ! ಫೋನನ್ನು ಎರಡೂ ಕೈಯಲ್ಲಿ ತುಂಬಿದ ತಟ್ಟೆಯಂತೆ ಹಿಡಿದು ಒಳಗೆ ನಡೆದಳು. ಮೊದಲ ಫೋಟೋದಲ್ಲಿ ಬಂದದ್ದು ಅವಳದೇ ಪಾದ. ಆಮೇಲೆ ಬರೀ ಹೆಬ್ಬೆರಳು. "ಸ್ವಲ್ಪ ಮ್ಯಾಲ ಹಿಡೀರಿ ಅಜ್ಜೀ!" ಎಂದು ಅಧಿಕಾರಿ ಬೇಲಿಗೆ ಒರಗಿ ಕೂಗುತ್ತಿದ್ದರು, ನಗುತ್ತಿದ್ದರು. ಕಡೆಗೊಂದು ಚೊಕ್ಕ ಫೋಟೋ ಬಂತು: ಮುಂದೆ ಕೊಳೆತ ಕರಿ ಬಳ್ಳಿ, ಹಿಂದೆ ಉಳಿದ ಹಸಿರೆಲೆ. ಅಧಿಕಾರಿ ಅಲ್ಲೇ ನಿಂತು ನುಗ್ಗೆಯನ್ನು ಅಳಿಸಿ ವೀಳ್ಯದೆಲೆ ಎಂದು ದಾಖಲಿಸಿದರು. ನಾನು ಕುಣಿಯುವುದೊಂದು ಬಾಕಿ. ಸುಳ್ಳೇಕೆ, ಕುಣಿದೆ.

ದುಡ್ಡು ಅವ್ವನ ಖಾತೆಗೇ ಬಂತು. ಮರುದಿನ ಬೆಳಿಗ್ಗೆ ಅಣ್ಣ ಹಸಿ ಬಳ್ಳಿಯ ಹೊರೆ ಹೊತ್ತು ಬಂದು ಅವಳ ಮುಂದೆ ನಿಂತ. "ಎಲ್ಲಿಂದ ಹಚ್ಚೂಣು, ಹೇಳಬೇ."

ಅವ್ವ ತೋಟದ ನಡುವಿನ ಖಾಲಿ ಸಾಲಿನತ್ತ ಬೆರಳು ಮಾಡಿದಳು. "ಅಲ್ಲಿಂದ ಸುರು ಮಾಡು. ಸಾಲು ಸೊಟ್ಟಾತೋ, ಎಲ್ಲಾ ಕಿತ್ತ ಮತ್ತ ಹಚ್ಚಸ್ತೇನಿ."